ಅಮೆರಿಕದಲ್ಲಿ ಚಿಕ್ಕಪ್ಪನಿಲ್ಲದವರು

ಹೊರದೇಶದಲ್ಲಿ ಹತ್ತಾರು ವರ್ಷಗಳಿಂದ ನೆಲೆಸಿರುವ ಯಾವ ಕನ್ನಡಿಗನನ್ನು ಕೇಳಿದರೂ ಈ ಮಾತನ್ನು ಒಪ್ಪಿಯಾನು: ಊರಿನಿಂದ ಬರುವ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಹಬ್ಬದ ಶುಭಾಶಯಗಳನ್ನು ಬಿಟ್ಟರೆ ಹೆಚ್ಚಿನವು ರೆಸ್ಯೂಮೆಗಳು. ಸೋದರತ್ತೆಯ ನೆರೆಮನೆಯವರ ಮಗ, ಬಾಲ್ಯದ ಗೆಳೆಯನ ಭಾವಮೈದುನ, ಅಮ್ಮನಿಗೆ ದೇವಸ್ಥಾನದಲ್ಲಿ ಪರಿಚಯವಾದವರ ಸೊಸೆ. ಕಡತದ ಕೆಳಗೆ ಒಂದೇ ಸಾಲು: ‘ನಮ್ಮವನೇ, ಒಂದು ರೆಫರಲ್ ಹಾಕಿಬಿಡು.’ ರೆಫರಲ್ ಎಂಬುದು ಅರ್ಜಿಯ ಮೇಲೆ ಒತ್ತುವ ಮೊಹರಿನಂಥದ್ದು, ಒತ್ತಲು ಖರ್ಚಿಲ್ಲ ಎಂಬ ನಂಬಿಕೆ ನಮ್ಮ ಬಂಧುಗಳಲ್ಲಿ ಆಳವಾಗಿ ಬೇರೂರಿದೆ.

ವಾಸ್ತವ ಬೇರೆ. ಇಲ್ಲಿನ ಅನೇಕ ಕಂಪನಿಗಳಲ್ಲಿ ಯಾರನ್ನಾದರೂ ಶಿಫಾರಸು ಮಾಡಬೇಕಾದರೆ ನೌಕರನು ಒಂದು ನಮೂನೆಯನ್ನು ತುಂಬಬೇಕಾಗುತ್ತದೆ. ಈ ವ್ಯಕ್ತಿ ನಿಮಗೆ ಹೇಗೆ ಪರಿಚಯ? ಒಟ್ಟಿಗೆ ಕೆಲಸ ಮಾಡಿದ್ದೀರಾ? ಅವರ ಕೆಲಸವನ್ನು ನೀವು ಕಣ್ಣಾರೆ ಕಂಡಿದ್ದೀರಾ? ‘ನನ್ನ ತಾಯಿಗೆ ಇವರ ಅತ್ತೆಯವರ ಪರಿಚಯವಿದೆ’ ಎಂದು ಅಲ್ಲಿ ಪ್ರಾಮಾಣಿಕವಾಗಿ ಬರೆದರೆ ಓದುವವರು ನಕ್ಕು ಮುಂದಿನ ಅರ್ಜಿಗೆ ಹೋಗುತ್ತಾರೆ. ಸುಳ್ಳು ಬರೆದರೆ ನನ್ನ ಮಾತಿಗೆ ಬೆಲೆಯಿರುವುದಿಲ್ಲ. ಮುಂದೆ ನಿಜವಾಗಿಯೂ ಅರ್ಹನಾದ ಒಬ್ಬನಿಗಾಗಿ ನಾನು ಬರೆದಾಗಲೂ ಯಾರೂ ಕಿವಿಗೊಡುವುದಿಲ್ಲ. ಆದ್ದರಿಂದ ಬಂಧುಗಳಿಗೂ ಇತ್ತ ಬರಲು ಹವಣಿಸುತ್ತಿರುವ ತರುಣ ತರುಣಿಯರಿಗೂ ನನ್ನ ನಿವೇದನೆ ಇಷ್ಟು: ರೆಸ್ಯೂಮೆಯನ್ನು ಚಿಕ್ಕಪ್ಪನ ಮೂಲಕ ಕಳುಹಿಸಬೇಡಿ. ಕೆಲಸ ಹುಡುಕುವವರೇ, ತಮ್ಮ ಹೆಸರಿನಲ್ಲಿ, ಲಿಂಕ್ಡ್‌ಇನ್‌ನಲ್ಲಿ ನನಗೆ ನೇರವಾಗಿ ಬರೆಯಲಿ. ಇದು ತಪ್ಪಿಸಿಕೊಳ್ಳುವ ಉಪಾಯವಲ್ಲ. ಈ ಜಾಲತಾಣದಿಂದ ಅತಿ ಹೆಚ್ಚು ಪ್ರಯೋಜನ ಆಗಬಹುದಾದದ್ದು ಅಮೆರಿಕದಲ್ಲಿ ಚಿಕ್ಕಪ್ಪನೇ ಇಲ್ಲದವರಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನಿರುವ ಲಿವರ್‌ಮೋರ್ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಪೂರ್ವದ ಅಂಚು. ದ್ರಾಕ್ಷಿತೋಟಗಳು, ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳು, ಬೆಳಗ್ಗೆ ಸ್ಯಾನ್ ಹೋಸೆಯತ್ತ ಹೊರಟು ಸಂಜೆ ಮರಳುವ ಏಸ್ ರೈಲು, ಇವು ಊರಿನ ಗುರುತುಗಳು. ಕನ್ನಡಿಗರಿಗೆ, ಒಟ್ಟಾರೆ ಭಾರತೀಯರಿಗೆ, ಇದಕ್ಕಿಂತ ದೊಡ್ಡ ಗುರುತು ಇಲ್ಲಿನ ಶಿವ-ವಿಷ್ಣು ದೇವಾಲಯ. ಪ್ರಸಾದದ ಸಾಲಿನಲ್ಲಿ ನಿಂತಿರುವಾಗ ‘ನೀವು ಯಾವ ಕಡೆಯವರು?’ ಎಂಬ ಪ್ರಶ್ನೆಯಿಂದ ಆರಂಭವಾದ ಮಾತು ಮನೆ ಬಾಡಿಗೆ, ಮಕ್ಕಳ ಶಾಲೆ, ಕಂಪನಿಯಲ್ಲಿ ಖಾಲಿಯಿರುವ ಹುದ್ದೆಯವರೆಗೆ ಸಾಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಲ್ಲಿಯೂ ಅಷ್ಟೇ. ನಮಗೆ ಸಂಪರ್ಕ ಬೆಳೆಸುವ ವಿದ್ಯೆ ಬಾರದು ಎಂದು ಹೇಳುವವರು ನಮ್ಮವರ ಮದುವೆಮನೆಯ ಊಟದ ಪಂಕ್ತಿಯನ್ನು ನೋಡಿಲ್ಲವೆಂದೇ ಅರ್ಥ. ಆದರೆ ಆ ಸಾಲಿನಲ್ಲಿ ನಿಲ್ಲಬೇಕಾದರೆ ಮೊದಲು ಇಲ್ಲಿಗೆ ಬಂದಿರಬೇಕು; ಕರೆದುಕೊಂಡು ಹೋಗಲು ಒಬ್ಬರು ಬೇಕು. ರಾಯಚೂರಿನ ಒಂದು ಕಾಲೇಜಿನಲ್ಲಿ ಓದಿ, ಮನೆತನದಲ್ಲಿ ಮೊದಲ ಬಾರಿಗೆ ಪಾಸ್‌ಪೋರ್ಟ್ ಮಾಡಿಸಿದ ಹುಡುಗನಿಗೆ ಆ ಸಾಲು ಎಲ್ಲಿಂದ ಸಿಗಬೇಕು? ಗೆಳೆತನ, ಬಂಧುತ್ವ, ಜಾತಿ, ಊರು ಇವುಗಳ ಒಳಗೇ ಸುತ್ತುವ ಸಂಪರ್ಕದಿಂದ ಹೊರಗಿರುವವರು ಸದಾ ಹೊರಗೇ ಉಳಿಯುತ್ತಾರೆ. ನಮ್ಮ ಸಮುದಾಯ ಈ ಮಾತನ್ನು ಬಹಿರಂಗವಾಗಿ ಆಡುವುದು ಕಡಿಮೆ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಬಂಧವನ್ನು ಇಲ್ಲಿ ನೆನೆಯಬೇಕು. ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಆಗತಾನೆ ಕೆಲಸ ಬದಲಿಸಿದ್ದವರನ್ನು ಅವರು ವಿಚಾರಿಸಿದರು. ಪರಿಚಿತರೊಬ್ಬರ ಮೂಲಕ ಕೆಲಸದ ಸುದ್ದಿ ತಿಳಿದವರಲ್ಲಿ ಆ ಪರಿಚಿತರನ್ನು ಮೇಲಿಂದ ಮೇಲೆ ಭೇಟಿಯಾಗುತ್ತಿದ್ದವರು ಶೇ. 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಶೇ. 55ಕ್ಕೂ ಹೆಚ್ಚು, ಅಪರೂಪಕ್ಕೆ ಕಾಣುತ್ತಿದ್ದವರು ಶೇ. 28ರ ಸುಮಾರು. ಕಾರಣ ಸರಳ. ಆಪ್ತರು ನಮ್ಮ ವಲಯದಲ್ಲಿಯೇ ಇರುವವರು. ನಮಗೆ ಗೊತ್ತಿರುವುದೇ ಅವರಿಗೂ ಗೊತ್ತು. ದೂರದ ಪರಿಚಿತರು ಬೇರೊಂದು ವಲಯದ ಸುದ್ದಿಯನ್ನು ತರುತ್ತಾರೆ. ಅರ್ಧ ಶತಮಾನದ ತರುವಾಯ, 2022ರಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೊಂದು ದೊಡ್ಡ ಪುರಾವೆ ಪ್ರಕಟವಾಯಿತು. ಲಿಂಕ್ಡ್‌ಇನ್‌ನ ಸಂಶೋಧಕರು ಎಂಐಟಿ, ಸ್ಟ್ಯಾನ್‌ಫರ್ಡ್, ಹಾರ್ವರ್ಡ್‌ಗಳ ವಿದ್ವಾಂಸರೊಡನೆ ಸೇರಿ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶವನ್ನು ಪರಿಶೀಲಿಸಿದ್ದರು. ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ಆಪ್ತರಲ್ಲ, ತೀರಾ ಅಪರಿಚಿತರೂ ಅಲ್ಲ. ನಡುವಿನವರು, ಅಂದರೆ ಕೆಲವೇ ಮಂದಿ ಸಮಾನ ಪರಿಚಿತರಿರುವ ದೂರದ ಪರಿಚಯಸ್ಥರು. ತಮ್ಮನ್ನು ಕೇಳದೆಯೇ ತಮ್ಮ ಮೇಲೆ ಪ್ರಯೋಗ ನಡೆಸಿದರಲ್ಲ ಎಂದು ಆಗ ಕೆಲವರು ಆಕ್ಷೇಪಿಸಿದ್ದರು. ಆಕ್ಷೇಪ ನ್ಯಾಯವಾದದ್ದೇ, ಫಲಿತಾಂಶವಂತೂ ಹೊಸಬರಿಗೆ ಉಪಯುಕ್ತ.

ಲಿಂಕ್ಡ್‌ಇನ್ ಆರಂಭವಾದದ್ದು 2003ರ ಮೇ ತಿಂಗಳಲ್ಲಿ, ಇದೇ ಕೊಲ್ಲಿ ಪ್ರದೇಶದಲ್ಲಿ. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 2,620 ಕೋಟಿ ಡಾಲರ್‌ಗಳಿಗೆ ಕೊಂಡಿತು. ಹೊಸಬರು ಮೊದಲು ತಿಳಿಯಬೇಕಾದದ್ದು ಅದರ ಪುಟಗಳಲ್ಲಿ ಬಹುತೇಕ ಯಾರೂ ನೋಡದ ಒಂದು ಮೂಲೆಯನ್ನು. ನೀವು ಓದಿದ ಕಾಲೇಜಿನ ಪುಟಕ್ಕೆ ಹೋದರೆ ಅಲ್ಲಿ ಹಳೆಯ ವಿದ್ಯಾರ್ಥಿಗಳ ವಿಭಾಗವಿರುತ್ತದೆ. ಅವರು ಈಗ ಯಾವ ಊರಿನಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಅಲ್ಲಿ ಸೋಸಿ ನೋಡಬಹುದು. ಹುಬ್ಬಳ್ಳಿ, ಸುರತ್ಕಲ್, ಮೈಸೂರು, ದಾವಣಗೆರೆ, ಕಲಬುರಗಿಯ ಕಾಲೇಜುಗಳಲ್ಲಿ ಓದಿದವರು ಈ ಕೊಲ್ಲಿಯ ಸುತ್ತ ಇದ್ದಾರೆ. ಅದೇ ಗ್ರಂಥಾಲಯ, ಅದೇ ಕ್ಯಾಂಟೀನ್, ಅದೇ ಪ್ರಾಧ್ಯಾಪಕರು: ಬಂಧುತ್ವವಿಲ್ಲದವನಿಗೆ ದೊರೆಯಬಹುದಾದ ಅತ್ಯಂತ ಗೌರವಯುತವಾದ ನಂಟು ಅದು.

ಆದರೆ ನಂಟನ್ನು ಕಂಡುಕೊಂಡ ಮೇಲೆ ಏನು ಬರೆಯುವುದು? ನನಗೆ ಬರುವ ಸಂದೇಶಗಳಲ್ಲಿ ಮುಕ್ಕಾಲು ಪಾಲು ‘ಹಾಯ್ ಸರ್’ ಎಂದು ಆರಂಭವಾಗಿ ಅಲ್ಲಿಯೇ ನಿಲ್ಲುತ್ತವೆ. ಎರಡು ದಿನ ಬಿಟ್ಟು ‘ಹೇಗಿದ್ದೀರಿ ಸರ್’. ಮೂರನೆಯ ದಿನ ರೆಸ್ಯೂಮೆ. ಬಾಗಿಲು ತಟ್ಟಿ, ಯಾರೆಂದು ಕೇಳಿದರೆ ಉತ್ತರಿಸದೆ ನಿಂತ ಅತಿಥಿಯಂತೆ ಇದು. ಇನ್ನು ಕೆಲವರು ‘ನನ್ನ ಭವಿಷ್ಯ ತಮ್ಮ ಕೈಯಲ್ಲಿದೆ’ ಎಂದು ಎರಡು ಪುಟ ಬರೆಯುತ್ತಾರೆ. ಓದಿದಾಗ ಮನಸ್ಸು ಮರುಗುತ್ತದೆ. ಆದರೆ ಆ ವ್ಯಕ್ತಿ ಏನು ಬಲ್ಲ, ಏನು ಮಾಡಿದ್ದಾನೆ, ನನ್ನಿಂದ ಏನನ್ನು ಬಯಸುತ್ತಾನೆ ಎಂಬುದು ಎರಡು ಪುಟ ಮುಗಿದರೂ ತಿಳಿಯುವುದಿಲ್ಲ. ನಮ್ಮಲ್ಲಿ ವಿನಯವೆಂದು ಕಲಿಸಿದ್ದು ಇಲ್ಲಿನವರಿಗೆ ಒತ್ತಡದಂತೆ ಭಾಸವಾಗುತ್ತದೆ. ಇಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ ಎಂಬುದು ಸರಿ. ಆದರೆ ಕನ್ನಡಿಗರೊಬ್ಬರಿಗೆ ಕನ್ನಡದಲ್ಲಿ ಬರೆಯುವಾಗ ‘ನೀವು’ ಎಂದು ಬರೆದು, ನಿಮ್ಮ ಹೆಸರು ಹೇಳಿದರೆ ಮರ್ಯಾದೆಗೆ ಅಷ್ಟು ಸಾಕು.

ಉತ್ತರಿಸದೆ ಇರಲಾರದಂಥ ಸಂದೇಶವೊಂದನ್ನು ಹೇಳುತ್ತೇನೆ. ಟೆಕ್ಸಾಸ್‌ನಲ್ಲಿ ಎಂಎಸ್ ಓದುತ್ತಿದ್ದ, ಹಾವೇರಿ ಕಡೆಯ ಒಬ್ಬ ತರುಣಿ ಬರೆದದ್ದು ನಾಲ್ಕೇ ಸಾಲು. ನಾನು ಓದಿದ ಕಾಲೇಜಿನಲ್ಲಿಯೇ ಆಕೆಯೂ ಓದಿದ್ದು. ನಾನು ಕೆಲವು ವರ್ಷ ಸಾಫ್ಟ್‌ವೇರ್ ಪರೀಕ್ಷಣೆಯಲ್ಲಿದ್ದು ಅನಂತರ ಚಿಪ್ ವಿನ್ಯಾಸದ ಪರಿಶೀಲನೆಗೆ ಬಂದುದನ್ನು ಪ್ರೊಫೈಲ್‌ನಲ್ಲಿ ಗಮನಿಸಿದ್ದಳು. ತಾನೂ ಅದೇ ದಾರಿಯಲ್ಲಿರುವುದಾಗಿಯೂ, ಆ ಬದಲಾವಣೆಯ ಮೊದಲ ವರ್ಷದಲ್ಲಿ ಯಾವ ಕಲಿಕೆ ನಿಜವಾಗಿ ನೆರವಾಯಿತು ಎಂದು ತಿಳಿಸಬಹುದೇ ಎಂದೂ ಕೇಳಿದ್ದಳು. ಕೆಲಸದ ಮಾತೇ ಇರಲಿಲ್ಲ. ನನ್ನೊಬ್ಬನಿಗೇ ಉತ್ತರ ಗೊತ್ತಿರಬಹುದಾದ, ಹತ್ತು ನಿಮಿಷಗಳಲ್ಲಿ ಉತ್ತರಿಸಬಹುದಾದ ಪ್ರಶ್ನೆ. ಅಂದೇ ರಾತ್ರಿ ಉತ್ತರಿಸಿದೆ. ಮುಂದಿನ ಶನಿವಾರ ಫೋನಿನಲ್ಲಿ ಇಪ್ಪತ್ತು ನಿಮಿಷ ಮಾತನಾಡಿದೆವು. ಎರಡು ತಿಂಗಳ ಬಳಿಕ ಆಕೆಯೇ ಬರೆದು, ನಾನು ಹೇಳಿದ್ದರಲ್ಲಿ ಯಾವುದನ್ನು ಮಾಡಿದಳು, ಯಾವುದು ಉಪಯೋಗಕ್ಕೆ ಬರಲಿಲ್ಲ ಎಂದು ತಿಳಿಸಿದಳು. ಬಹುಪಾಲು ಜನ ಮರೆಯುವುದು ಈ ಎರಡನೆಯ ಪತ್ರವನ್ನು. ಎಂಟು ತಿಂಗಳಾದ ಮೇಲೆ ನಮ್ಮ ತಂಡದಲ್ಲಿ ಹುದ್ದೆಯೊಂದು ತೆರೆದಾಗ ಆ ನಮೂನೆಯಲ್ಲಿ ನಾನು ಬರೆಯಬೇಕಾದ್ದನ್ನೆಲ್ಲ ಸತ್ಯವಾಗಿಯೇ ಬರೆಯಬಹುದಾಗಿತ್ತು. ಆ ಹುದ್ದೆ ಆಕೆಗೆ ದೊರೆಯಲಿಲ್ಲ. ಸಂದರ್ಶನ ಮಾಡಿದವರಲ್ಲಿ ಒಬ್ಬರು ಮರುವರ್ಷ ಬೇರೊಂದು ಕಂಪನಿಗೆ ಹೋದರು. ಅಲ್ಲಿಂದ ಆಕೆಯನ್ನು ನೆನಪಿಟ್ಟುಕೊಂಡು ಕರೆಸಿಕೊಂಡರು.

ಬರೆಯುವ ಮುನ್ನ ಎದುರಿನವರ ಪರಿಸ್ಥಿತಿಯನ್ನೂ ಸ್ವಲ್ಪ ತಿಳಿದಿರಬೇಕು. ನಮ್ಮೂರಿನ ಹೆಸರು ಹೊತ್ತ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯ 1952ರಲ್ಲಿ ಸ್ಥಾಪನೆಯಾದದ್ದು. 116ನೆಯ ಮೂಲಧಾತುವಿಗೆ ಲಿವರ್‌ಮೋರಿಯಮ್ ಎಂಬ ಹೆಸರು ಬಂದದ್ದು ಅದರಿಂದಲೇ. 2022ರ ಡಿಸೆಂಬರ್‌ನಲ್ಲಿ ಲೇಸರ್ ಕಿರಣಗಳು ಗುರಿಗೆ ಕೊಟ್ಟ ಶಕ್ತಿಗಿಂತ ಹೆಚ್ಚಿನ ಶಕ್ತಿಯನ್ನು ಪರಮಾಣು ಸಮ್ಮಿಲನದಿಂದ ಪಡೆದ ಸುದ್ದಿ ಜಗತ್ತೆಲ್ಲ ಹಬ್ಬಿದಾಗ, ಅಲ್ಲಿ ದುಡಿಯುವ ಭಾರತೀಯ ಮೂಲದವರ ಸಂದೇಶಪೆಟ್ಟಿಗೆಗಳು ಊರಿನ ವಿದ್ಯಾರ್ಥಿಗಳ ಕೋರಿಕೆಗಳಿಂದ ತುಂಬಿದುವೆಂದು ನೆರೆಯವರೊಬ್ಬರು ಹೇಳಿದರು. ಅಲ್ಲಿನ ಬಹಳಷ್ಟು ಹುದ್ದೆಗಳಿಗೆ ಭದ್ರತಾ ಅನುಮತಿ ಅಗತ್ಯ, ಆ ಅನುಮತಿಗೆ ಅಮೆರಿಕದ ಪೌರತ್ವ ಬೇಕು. ಪಿಎಚ್‌ಡಿ ಮುಗಿಸಿದವರಿಗೆ ಕೆಲವು ಸಂಶೋಧನಾ ಅವಕಾಶಗಳು ಉಂಟು. ಬೆಂಗಳೂರಿನಿಂದ ಬಿಇ ಮುಗಿಸಿ ‘ನಿಮ್ಮ ಲ್ಯಾಬ್‌ನಲ್ಲಿ ಕೆಲಸ ಕೊಡಿಸಿ’ ಎಂದು ಬರೆಯುವುದು ಎರಡೂ ಕಡೆಯವರ ಸಮಯ ವ್ಯರ್ಥ. ಅದೇ ರೀತಿ 2025ರ ಸೆಪ್ಟೆಂಬರ್‌ನ ಘೋಷಣೆಯ ಬಳಿಕ ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ತೆರಬೇಕೆಂಬ ನಿಯಮ ಬಂದಿದೆ. ಊರಿನಲ್ಲಿರುವವನನ್ನು ನೇರವಾಗಿ ಇಲ್ಲಿಗೆ ಕರೆಸಿಕೊಳ್ಳಲು ಕಂಪನಿಗಳು ಮೊದಲಿನಷ್ಟು ಸುಲಭವಾಗಿ ಮುಂದಾಗುವುದಿಲ್ಲ. ಅಂಥವರು ಆ ಕಂಪನಿಗಳ ಬೆಂಗಳೂರಿನ ಕಚೇರಿಗಳಲ್ಲಿರುವವರ ಪರಿಚಯವನ್ನು ಬೆಳೆಸಿಕೊಳ್ಳುವುದು ಹೆಚ್ಚು ವಿವೇಕದ ಮಾರ್ಗ.

ಇದನ್ನೆಲ್ಲ ಯಾವಾಗ ಆರಂಭಿಸಬೇಕು ಎಂಬುದೇ ಇಲ್ಲಿ ಬಂದವರ ಪಾಲಿಗೆ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಎಚ್-1ಬಿಯಲ್ಲಿ ಇರುವವನ ಕೆಲಸ ಹೋದರೆ ಅವನಿಗೆ ದೊರೆಯುವುದು ಹೆಚ್ಚೆಂದರೆ 60 ದಿನಗಳು. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಸಲ್ಲಿಸಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ಹೊರಡಬೇಕು. ಓದು ಮುಗಿಸಿ ಒಪಿಟಿಯಲ್ಲಿ ಇರುವ ವಿದ್ಯಾರ್ಥಿ ಒಟ್ಟು 90 ದಿನಗಳಿಗಿಂತ ಹೆಚ್ಚು ಕಾಲ ಕೆಲಸವಿಲ್ಲದೆ ಇರುವಂತಿಲ್ಲ. ವಿಜ್ಞಾನ, ತಂತ್ರಜ್ಞಾನ ಪದವೀಧರರಿಗೆ ದೊರೆಯುವ 24 ತಿಂಗಳ ವಿಸ್ತರಣೆಯಲ್ಲಿ ಇನ್ನು 60 ದಿನ ಸೇರುತ್ತದೆ. ನಮ್ಮ ಬೀದಿಯಲ್ಲಿಯೇ ಒಂದು ಸಂಸಾರ ಈ ಅರವತ್ತು ದಿನಗಳನ್ನು ಎಣಿಸಿದ್ದನ್ನು ಹತ್ತಿರದಿಂದ ನೋಡಿದೆ. ಮಗಳು ಎರಡನೆಯ ತರಗತಿ, ಮನೆಯ ಸಾಲ, ಊರಿನಲ್ಲಿ ಅಪ್ಪನಿಗೆ ತಿಳಿಸುವುದೋ ಬೇಡವೋ ಎಂಬ ಸಂಕಟ. ಆತ ಒಳ್ಳೆಯ ಕೆಲಸಗಾರ. ಹನ್ನೊಂದು ವರ್ಷ ಒಂದೇ ಕಂಪನಿಯಲ್ಲಿ ದುಡಿದಿದ್ದ. ಲಿಂಕ್ಡ್‌ಇನ್ ಎಂದರೆ ಕೆಲಸ ಬಿಡುವವರ ಜಾಗವೆಂದು ಭಾವಿಸಿ ಪ್ರೊಫೈಲನ್ನೇ ಮಾಡಿರಲಿಲ್ಲ. ಮೊದಲ ವಾರ ಪ್ರೊಫೈಲ್ ಬರೆಯುವುದರಲ್ಲಿ, ಎರಡನೆಯ ವಾರ ಹಳೆಯ ಸಹೋದ್ಯೋಗಿಗಳನ್ನು ಹುಡುಕುವುದರಲ್ಲಿ ಕಳೆಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಅವನ ಬಾಯಿಂದಲೇ ಬಂತು. ಐವತ್ತೆರಡನೆಯ ದಿನ ಕೆಲಸ ಸಿಕ್ಕಿತು. ಮೊದಲಿಗಿಂತ ಕಡಿಮೆ ಸಂಬಳಕ್ಕೆ, ಸ್ಯಾಕ್ರಮೆಂಟೊದಲ್ಲಿ.

ಹೀಗೆಂದು ದಿನವೂ ಏನಾದರೂ ಬರೆದು ಹಾಕಬೇಕೆಂದಿಲ್ಲ. ‘ಇಂದು ಬೆಳಗ್ಗೆ ನನ್ನ ಕಾರಿನ ಟೈರು ಪಂಕ್ಚರ್ ಆಯಿತು, ಅದು ನನಗೆ ನಾಯಕತ್ವದ ಬಗ್ಗೆ ಕಲಿಸಿದ್ದೇನೆಂದರೆ’ ಎಂಬಂಥ ಬರಹಗಳಿಂದ ಆ ತಾಣ ತುಂಬಿಹೋಗಿದೆ. ಹೊಸಬರು ಅವುಗಳಿಗೆ ಇನ್ನೊಂದನ್ನು ಸೇರಿಸುವ ಅಗತ್ಯವಿಲ್ಲ. ತಮ್ಮ ಕ್ಷೇತ್ರದವರು ಬರೆದದ್ದನ್ನು ಓದಿ, ಗೊತ್ತಿರುವುದಿದ್ದರೆ ಎರಡು ಸಾಲು ಪ್ರತಿಕ್ರಿಯಿಸಿದರೆ ಹೆಸರು ತಾನಾಗಿ ಪರಿಚಿತವಾಗುತ್ತದೆ. ಪ್ರೊಫೈಲ್‌ನ ಮೊದಲ ಸಾಲಿನಲ್ಲಿ ‘ಅವಕಾಶದ ನಿರೀಕ್ಷೆಯಲ್ಲಿರುವ ಉತ್ಸಾಹಿ ಪದವೀಧರ’ ಎಂದು ಬರೆದರೆ ಅದು ಲಕ್ಷಾಂತರ ಜನರಿಗೆ ಅನ್ವಯಿಸುತ್ತದೆ. ಮಾಡಬಲ್ಲ ಕೆಲಸವನ್ನು ಹೆಸರಿಸಿ. ಮಾಡಿದ ಒಂದು ಪ್ರಾಜೆಕ್ಟನ್ನು ಯಾರಾದರೂ ತೆರೆದು ನೋಡುವಂತೆ ಇರಿಸಿ.

ಮಾಡದ ಕೆಲಸವನ್ನು ಮಾಡಿದ್ದೇನೆಂದು ಮಾತ್ರ ಬರೆಯಬೇಡಿ. ನೀತಿಯ ಮಾತು ಹಾಗಿರಲಿ, ಅಮೆರಿಕದ ವೀಸಾ ಅರ್ಜಿ ನಮೂನೆ 2019ರಿಂದ ಹಿಂದಿನ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಕೇಳುತ್ತಿದೆ. ಲಿಂಕ್ಡ್‌ಇನ್ ಆ ಪಟ್ಟಿಯಲ್ಲಿದೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೋರುವವರು, ಡಿಸೆಂಬರ್‌ನಿಂದ ಎಚ್-1ಬಿ ಮತ್ತು ಎಚ್-4 ಕೋರುವವರು ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇರಿಸಬೇಕೆಂಬ ಸೂಚನೆ ಬಂದಿದೆ. ಅರ್ಜಿಯಲ್ಲಿ ಒಂದು ಕಂಪನಿ, ಪ್ರೊಫೈಲ್‌ನಲ್ಲಿ ಇನ್ನೊಂದು. ಅರ್ಜಿಯಲ್ಲಿ ಎರಡು ವರ್ಷ, ಪ್ರೊಫೈಲ್‌ನಲ್ಲಿ ನಾಲ್ಕು ವರ್ಷ: ಇಂಥ ವ್ಯತ್ಯಾಸಕ್ಕೆ ಕಿಟಕಿಯ ಮುಂದೆ ನಿಂತು ಉತ್ತರ ಹೇಳುವುದು ಕಷ್ಟ.

ಇನ್ನೊಂದು ಎಚ್ಚರಿಕೆ ತಂದೆತಾಯಿಯರಿಗೆ. ಇದೇ ಜಾಲತಾಣಗಳಲ್ಲಿ ಆಕರ್ಷಕ ಸಂಬಳದ ಆಮಿಷ ತೋರಿಸಿ ತರುಣರನ್ನು ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಗೆ ಒಯ್ದು ಸೈಬರ್ ವಂಚನೆಯ ಕೆಲಸಕ್ಕೆ ತಳ್ಳಿದ ಪ್ರಕರಣಗಳಲ್ಲಿ ಭಾರತೀಯರೂ ಸಿಲುಕಿದ್ದಾರೆ. ಸಂದರ್ಶನವಿಲ್ಲದೆ ನೇಮಕ, ಪ್ರವಾಸಿ ವೀಸಾದಲ್ಲಿ ಕೆಲಸ, ‘ಪ್ರಕ್ರಿಯಾ ಶುಲ್ಕ’ವೆಂದು ಹಣ ಕೇಳುವುದು, ಇವುಗಳಲ್ಲಿ ಒಂದಿದ್ದರೂ ಹಿಂದೆ ಸರಿಯಿರಿ. ವಿದೇಶಕ್ಕೆ ಕಳುಹಿಸುವ ನೋಂದಾಯಿತ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹೊಸಬರೆಂದರೆ ಬರಿಯ ಪದವೀಧರರಲ್ಲ. ಗಂಡನ ಕೆಲಸದ ನಿಮಿತ್ತ ಎಚ್-4 ವೀಸಾದಲ್ಲಿ ಬಂದು, ಐದಾರು ವರ್ಷ ಮನೆಯಲ್ಲಿಯೇ ಉಳಿದ ಹೆಣ್ಣುಮಕ್ಕಳ ಬಗ್ಗೆ ನಮ್ಮ ಬಂಧುಗಳು ‘ಆರಾಮಾಗಿದ್ದಾಳೆ’ ಎಂದು ಹೇಳಿಕೊಳ್ಳುವುದುಂಟು. 2015ರ ಮೇ ತಿಂಗಳಿನಿಂದ ಅವರಲ್ಲಿ ಒಂದು ವರ್ಗಕ್ಕೆ, ಅಂದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ನಿರ್ದಿಷ್ಟ ಹಂತ ತಲುಪಿರುವವರಿಗೆ, ಕೆಲಸ ಮಾಡುವ ಅನುಮತಿ ದೊರೆಯುತ್ತಿದೆ. ಅನುಮತಿ ಬಂದ ದಿನ ಅವರಲ್ಲಿ ಅನೇಕರು ಎದುರಿಸುವುದು ರೆಸ್ಯೂಮೆಯಲ್ಲಿನ ಖಾಲಿ ವರ್ಷಗಳನ್ನು, ಮತ್ತು ‘ನನ್ನನ್ನು ಯಾರು ನೆನಪಿಟ್ಟುಕೊಂಡಿರುತ್ತಾರೆ?’ ಎಂಬ ಅಳುಕನ್ನು. ಆ ಅಳುಕಿಗೆ ಆಧಾರವಿಲ್ಲ. ಮಾತು ನಿಂತುಹೋಗಿದ್ದ ಹಳೆಯ ಪರಿಚಯಗಳನ್ನು ಮತ್ತೆ ಮಾತನಾಡಿಸಿದಾಗ ದೊರೆಯುವ ಸಲಹೆ, ಈಗ ನಿತ್ಯ ಒಡನಾಡುವವರ ಸಲಹೆಗಿಂತ ಹೊಸತನದಿಂದ ಕೂಡಿರುತ್ತದೆಂದು ನಿರ್ವಹಣಾಶಾಸ್ತ್ರದ ಸಂಶೋಧಕರು 2011ರಲ್ಲಿಯೇ ತೋರಿಸಿದ್ದಾರೆ.

ನನ್ನ ಹೆಂಡತಿಯ ಗೆಳತಿಯೊಬ್ಬರು ಏಳು ವರ್ಷಗಳ ಬಿಡುವಿನ ಬಳಿಕ ಕಳೆದ ಚಳಿಗಾಲದಲ್ಲಿ ಪ್ರೊಫೈಲ್ ತೆರೆದರು. ಬಿಡುವನ್ನು ಮುಚ್ಚಿಡದೆ, ‘ಮಕ್ಕಳ ಪಾಲನೆ’ ಎಂದೇ ನಮೂದಿಸಿದರು. ಅದಕ್ಕೆಂದೇ ಅಲ್ಲಿ ಒಂದು ವಿಭಾಗವಿದೆ. ಬೆಂಗಳೂರಿನ ಜಯನಗರದ ಕಚೇರಿಯಲ್ಲಿ ತಮ್ಮೊಡನೆ ದುಡಿದ ಐವರನ್ನು ಹುಡುಕಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಹಳೆಯ ಒಂದು ನೆನಪಿನೊಡನೆ ಕನ್ನಡದಲ್ಲಿ ಬರೆದರು. ಇಬ್ಬರು ಉತ್ತರಿಸಲಿಲ್ಲ. ಇಬ್ಬರು ಇನ್ನೂ ಬೆಂಗಳೂರಿನಲ್ಲಿಯೇ ಇದ್ದಾರೆ. ಐದನೆಯಾಕೆ ಮೂರು ವರ್ಷಗಳಿಂದ ನಮ್ಮ ಪಕ್ಕದ ಊರಾದ ಪ್ಲೆಸಂಟನ್‌ನಲ್ಲಿದ್ದರು, ಶಿವ-ವಿಷ್ಣು ದೇವಾಲಯಕ್ಕೆ ತಿಂಗಳಿಗೆರಡು ಸಲ ಬರುತ್ತಿದ್ದರು. ಈಗ ಇಬ್ಬರೂ ಶುಕ್ರವಾರದ ಮಧ್ಯಾಹ್ನಗಳಲ್ಲಿ ಒಟ್ಟಿಗೆ ಕುಳಿತು, ಏಳು ವರ್ಷಗಳಲ್ಲಿ ಆ ಕ್ಷೇತ್ರದಲ್ಲಿ ಏನೇನು ಬದಲಾಗಿದೆ ಎಂಬುದನ್ನು ಓದುತ್ತಿದ್ದಾರೆ.